ಎಡಗಡೆಯ ಮೃದಂಗ

ಅತ್ತಿಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದ ದಿನ ನಾನು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಬೆಳಗಿನ ಹತ್ತೂವರೆ ಇರಬೇಕು. ಕೆಳಗಿನಿಂದ ಯಾರೋ ಕೂಗಿದ ಹಾಗಾಯಿತು. ಸೊಪ್ಪಿನವಳಿರಬೇಕು ಎಂದು ಸುಮ್ಮನಾದೆ. ಮತ್ತೊಮ್ಮೆ ಕೇಳಿಸಿತು. ಈ ಸಲ ಅದು “ರೀ” ಎನ್ನುವ ಒಂದೇ ಕೂಗು, ಎಳೆದು ಎಳೆದು, ಕೊನೆಯಲ್ಲಿ ಉಸಿರು ಕಟ್ಟಿದಂತೆ. ಕೈಯಲ್ಲಿದ್ದ ಟವೆಲ್ಲನ್ನು ಅಲ್ಲೇ ಬಿಟ್ಟು ಇಳಿದು ಓಡಿದೆ. ಅತ್ತಿಗೆ ಬಚ್ಚಲಿನ ಹೊಸ್ತಿಲಿಗೆ ಒರಗಿ ಕೂತಿದ್ದರು. ಬಲಗೈ ಮಣಿಕಟ್ಟು ಬಾಗಬಾರದ ಕಡೆಗೆ ಬಾಗಿತ್ತು.

“ಎಷ್ಟು ಹೊತ್ತಿಂದ ಕೂಗ್ತಿದೀನಿ,” ಎಂದರು. ಅಳುತ್ತಿರಲಿಲ್ಲ.

ಅಣ್ಣ ಹತ್ತು ಹೆಜ್ಜೆ ಆಚೆಯ ಕೋಣೆಯಲ್ಲಿದ್ದ. ನಾನು ಬಾಗಿಲು ತಳ್ಳಿದಾಗ ದಿವಾನದ ಮೇಲೆ ಎದ್ದು ಕೂರುತ್ತಿದ್ದ. ಕುತ್ತಿಗೆಯಲ್ಲಿ ಅವನ ದೊಡ್ಡ ಕರಿಯ ಹೆಡ್‌ಫೋನ್ ನೇತಾಡುತ್ತಿತ್ತು. ನನ್ನ ಮುಖ ನೋಡಿದವನೇ ಏನಾಯಿತೆಂದೂ ಕೇಳದೆ ನನ್ನ ಹಿಂದೆ ಬಂದ.

ಕೈಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅತ್ತಿಗೆ ಒಂದೇ ಮಾತು ಹೇಳಿದರು. “ಅದನ್ನ ಕಿವಿಗೆ ಹಾಕ್ಕೊಂಡ್ರೆ ನಿಮಗೆ ಮನೆ ಇಲ್ಲ, ಜನ ಇಲ್ಲ.”

“ಹೌದು. ತಪ್ಪಾಯ್ತು,” ಎಂದ ಅಣ್ಣ. ಚಾಮರಾಜಪೇಟೆಯ ನಮ್ಮ ಮನೆ ಬರುವ ತನಕ ಅವರ ಕಟ್ಟಿನ ಕೈಯನ್ನು ತನ್ನ ಅಂಗೈ ಮೇಲೆ ಆನಿಸಿಕೊಂಡಿದ್ದ.

ನಮ್ಮದು ಪೇಟೆಯ ವ್ಯಾಪಾರದ ಮನೆತನ. ಅಪ್ಪನಿಗೆ ನಗರ್ತಪೇಟೆಯಲ್ಲಿ ಜರಿ ಮತ್ತು ಲೇಸಿನ ಅಂಗಡಿಯಿತ್ತು. ಅಣ್ಣ ಅಂಗಡಿಯಲ್ಲಿ ಕೂರಲು ಒಪ್ಪದೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ. ಆದರೆ ಅವನ ನಿಜವಾದ ಕೆಲಸ ಶುರುವಾಗುತ್ತಿದ್ದುದು ಸಂಜೆ ಐದೂವರೆಯ ಮೇಲೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಸಂಗೀತ ಕಚೇರಿಗಳಲ್ಲಿ ಜನರೆಲ್ಲರ ಹಿಂದೆ ಒಂದು ಮೇಜು ಹಾಕಿರುತ್ತಾರಲ್ಲ, ಗುಂಡಿಗಳ ಸಾಲಿರುವ ಒಂದು ಪೆಟ್ಟಿಗೆ ಇಟ್ಟುಕೊಂಡು ಯಾರೋ ಒಬ್ಬರು ತಲೆ ತಗ್ಗಿಸಿ ಕೂತಿರುತ್ತಾರಲ್ಲ, ಆ ಒಬ್ಬ ನನ್ನ ಅಣ್ಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಕೂತ. ಹಾಡುವವರು ತಂಬೂರಿ ಜಾಸ್ತಿ ಮಾಡಿ ಎಂದು ಬೆರಳೆತ್ತುವ ಮೊದಲೇ ಅವನ ಕೈ ಆ ಗುಂಡಿಯ ಮೇಲಿರುತ್ತಿತ್ತು. ದೊಡ್ಡ ದೊಡ್ಡ ವಿದ್ವಾಂಸರು ವೇದಿಕೆ ಹತ್ತುವ ಮುಂಚೆ ಹಿಂದೆ ತಿರುಗಿ ಅವನು ಬಂದಿದ್ದಾನೋ ಇಲ್ಲವೋ ನೋಡುತ್ತಿದ್ದರು. ಅವನಿಗೆ ಸಂಗೀತ ಹಾಡಲು ಬರುತ್ತಿರಲಿಲ್ಲ. ಕೇಳಲು ಬರುತ್ತಿತ್ತು, ಅಷ್ಟೆ.

ನಿವೃತ್ತನಾದ ಮೇಲೆ ಮನೆಯಲ್ಲೇ ಒಂದು ಕೆಲಸ ಹಿಡಿದ. ಸಂಗೀತಗಾರರ ಮನೆಗಳಲ್ಲಿ ಅಟ್ಟದ ಮೇಲೆ ಬೂಸ್ಟು ಹಿಡಿಯುತ್ತಿದ್ದ ಕ್ಯಾಸೆಟ್‌ಗಳನ್ನು ತಂದು, ಕಂಪ್ಯೂಟರಿಗೆ ಹಾಕಿ, ಅದರ ಕರಕರ ಸದ್ದು ತೆಗೆದು ಮತ್ತೆ ಅವರಿಗೇ ಕೊಡುವುದು. ನಾನು ಅವನಿಗಿಂತ ಆರು ವರ್ಷ ಚಿಕ್ಕವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಈ ಮನೆಯ ಮಹಡಿಗೆ ಬಂದು ಸೇರಿದವಳು. ನಾನೂ ನಿವೃತ್ತಳಾಗಿದ್ದರಿಂದ ಕ್ಯಾಸೆಟ್‌ಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ನನ್ನದಾಗಿತ್ತು.

ಅತ್ತಿಗೆ ಬಿದ್ದ ಮಾರನೇ ದಿನ ಅಣ್ಣ ಆ ಕರಿಯ ಹೆಡ್‌ಫೋನನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಅದು ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಹಾಕಿಕೊಂಡರೆ ಕುಕ್ಕರ್ ಕೂಗಿದ್ದೂ ಗೊತ್ತಾಗುವುದಿಲ್ಲ. ಆದರೆ ಹೆಡ್‌ಫೋನ್ ಇಲ್ಲದೆ ಅವನ ಕೆಲಸ ಸಾಗುವುದಿಲ್ಲ. ಸ್ಪೀಕರಿನಲ್ಲಿ ಕೇಳಿದರೆ ಸಣ್ಣ ದೋಷಗಳು ಸಿಗುವುದಿಲ್ಲ. ಆರು ವಾರ ಪೇಪರ್ ಓದಿಕೊಂಡು, ತರಕಾರಿ ಹೆಚ್ಚಿಕೊಡುತ್ತಾ, ಅತ್ತಿಗೆಗೆ ತಲೆ ಬಾಚಲು ಹೋಗಿ ಬೈಸಿಕೊಳ್ಳುತ್ತಾ ಕಳೆದ.

ಆಗ ನೆನಪಾದವರು ಮಲ್ಲೇಶ್ವರದ ಹಲ್ಲಿನ ಡಾಕ್ಟರು. ನಲವತ್ತೈದು ದಾಟಿದವರು, ಸಣ್ಣ ದನಿಯವರು, ಯಾವ ಕಚೇರಿಯನ್ನೂ ತಪ್ಪಿಸುವವರಲ್ಲ. ಕಚೇರಿ ಮುಗಿದ ಮೇಲೆ ಅಣ್ಣನ ಮೇಜಿನ ಬಳಿ ಬಂದು ಎರಡು ಮಾತಾಡಿಯೇ ಹೋಗುವರು. ಅವರಿಗೆ ಹೆಡ್‌ಫೋನ್ ಕೂಡಿಡುವ ಹವ್ಯಾಸ. ಅಣ್ಣ ಫೋನ್ ಮಾಡಿ ವಿಷಯ ಹೇಳಿದಾಗ, “ಮುಚ್ಚಿರೋದು ಬೇಡ ಸಾರ್, ಓಪನ್ ಬ್ಯಾಕ್ ನೋಡಿ. ಬನ್ನಿ, ನನ್ನ ಹತ್ರ ಎರಡಿದೆ,” ಎಂದರು.

ಮಾರ್ಕೆಟ್ಟಿನ ಹತ್ತಿರ ಮೆಟ್ರೋ ಹತ್ತಿ, ಮೆಜೆಸ್ಟಿಕ್ ದಾಟಿ, ಸಂಪಿಗೆ ರಸ್ತೆಯಲ್ಲಿಳಿದು ನಾವಿಬ್ಬರೂ ಅವರ ಕ್ಲಿನಿಕ್ಕಿಗೆ ಹೋದೆವು. ರೋಗಿಗಳೆಲ್ಲ ಹೋಗಿ ಮಧ್ಯಾಹ್ನದ ಊಟದ ವೇಳೆಯಾಗಿತ್ತು. ಒಳಗಿನ ಕೋಣೆಯ ಕಪಾಟಿನಿಂದ ಎರಡು ಹೆಡ್‌ಫೋನ್ ತಂದು ಮೇಜಿನ ಮೇಲಿಟ್ಟರು. ಎರಡರ ಹೊರಮೈಯಲ್ಲೂ ಮುಚ್ಚಳದ ಬದಲು ಜಾಲರಿ. “ಒಳಗಿನ ಸದ್ದು ಆಚೆ ಹೋಗತ್ತೆ, ಆಚೆಯದು ಒಳಗೆ ಬರತ್ತೆ. ಪಕ್ಕದಲ್ಲಿ ಕೂತೋರಿಗೂ ಸಣ್ಣಗೆ ಕೇಳತ್ತೆ. ಬಸ್ಸಿಗೆ ಆಗಲ್ಲ. ಮನೆಗೆ ಇದೇ ಸರಿ,” ಎಂದು ವಿವರಿಸಿದರು. “ಅರ್ಧ ಗಂಟೆ ಕೇಳಿ ಹೇಳಬೇಡಿ ಸಾರ್. ಎರಡೂ ತಗೊಂಡು ಹೋಗಿ. ಎರಡು ಮೂರು ವಾರ ಹಾಕ್ಕೊಳ್ಳಿ. ಯಾವ್ದು ಅಂತ ನಿಮ್ಮ ತಲೆನೇ ಹೇಳತ್ತೆ.”

ಒಂದು ತೀರ ಹಗುರ. ಬೂದು ಬಣ್ಣದ ಪ್ಲಾಸ್ಟಿಕ್, ಕಿವಿಗೆ ತಾಗುವ ಕಡೆ ಮಖಮಲ್ಲಿನಂಥ ಬಟ್ಟೆಯ ಮೆತ್ತೆ. ಇನ್ನೊಂದು ಮರದ್ದು. ಕಿವಿಯ ಬಟ್ಟಲುಗಳು ಬೀಟೆಯಂಥ ಕಡುಕಂದು ಮರ, ನೆತ್ತಿಗೆ ಚರ್ಮದ ಪಟ್ಟಿ. ಕೈಯಲ್ಲಿ ಹಿಡಿದರೆ ಒಂದು ತೆಂಗಿನಕಾಯಿಯ ತೂಕ ಅನ್ನಿಸಿತು.

ಅಣ್ಣ ಸರ್ಕಾರಿ ಕಡತಕ್ಕೆ ಟಿಪ್ಪಣಿ ಬರೆದು ಅಭ್ಯಾಸವಾದವನು. ರೂಲು ಹಾಕಿದ ನೋಟ್‌ಬುಕ್ಕೊಂದನ್ನು ತೆಗೆದು ಎರಡರ ಬಗ್ಗೆಯೂ ಬರೆಯತೊಡಗಿದ. ಬೂದು ಬಣ್ಣದ್ದು ಮೊದಲ ದಿನ ಕಪಾಲವನ್ನು ಇಕ್ಕಳದಂತೆ ಒತ್ತುತ್ತಿತ್ತು. ಎರಡು ದಪ್ಪ ಪುಸ್ತಕಗಳ ಮೇಲೆ ಅದನ್ನು ಒಂದು ಹಗಲು ಅಗಲಿಸಿಟ್ಟ ಮೇಲೆ ಸಡಿಲವಾಯಿತು. ಆಮೇಲೆ ಅದನ್ನು ಹಾಕಿಕೊಂಡೇ ಎದ್ದು ಹೋಗಿ ನೀರು ಕುಡಿಯಲು ನೋಡಿ, ವೈರು ಜಗ್ಗಿದಾಗ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಷ್ಟು ಹಗುರ. ಬೆವರೂ ಬರುತ್ತಿರಲಿಲ್ಲ. ಅದರ ಸದ್ದು ವಿಶಾಲವಾದದ್ದು. ಹಾಡುವವರು ಒಂದಿಷ್ಟು ದೂರದಲ್ಲಿ ಕೂತು, ಸುತ್ತ ಗಾಳಿ ಆಡುತ್ತಿರುವಂತೆ. ಮರದ್ದು ಅದಕ್ಕೆ ತದ್ವಿರುದ್ಧ. ಕಿವಿಗೆ ಮೆತ್ತಗಿದ್ದರೂ ಮುಕ್ಕಾಲು ಗಂಟೆಗೆ ಕುತ್ತಿಗೆ ಹಿಡಿಯುತ್ತಿತ್ತು. ತೆಗೆದಿಟ್ಟರೆ ಅವನ ಬೋಳು ನೆತ್ತಿಯ ಮೇಲೆ ಚರ್ಮದ ಪಟ್ಟಿಯ ಗೆರೆ ಕೆಂಪಗೆ ಮೂಡಿರುತ್ತಿತ್ತು. ಆದರೆ ಅದರಲ್ಲಿ ತಂಬೂರಿಯ ನಾಲ್ಕು ತಂತಿಗಳನ್ನೂ ಎಣಿಸಬಹುದಿತ್ತು. ಹಾಡುವವರು ಪಲ್ಲವಿಗೆ ಮುಂಚೆ ಎಂಜಲು ನುಂಗುವುದೂ ಕೇಳಿಸುತ್ತಿತ್ತು.

ಪರೀಕ್ಷೆಗೆಂದು ಅವನು ಆರಿಸಿಕೊಂಡಿದ್ದು ತಾನೇ ಮಾಡಿದ ಒಂದು ಧ್ವನಿಮುದ್ರಣ. ಬಸವನಗುಡಿಯ ಒಂದು ಹಾಲಿನಲ್ಲಿ ಬಹಳ ವರ್ಷಗಳ ಹಿಂದೆ ನಡೆದ ಕಚೇರಿ. ಹಾಡಿದವರು ಒಬ್ಬ ವಿದುಷಿ. ಕೇಳುವವರ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ. ಆ ಕಚೇರಿಯ ಒಂದೊಂದು ಕೆಮ್ಮೂ ಅವನಿಗೆ ಬಾಯಿಪಾಠ.

ನಾನು ಅಲ್ಲೇ ಕೂತು ಚೀಟಿ ಬರೆಯುತ್ತಿದ್ದೆ. ಜಾಲರಿಯಿಂದ ಸೋರಿ ಬರುತ್ತಿದ್ದ ಹಾಡು ಪಕ್ಕದ ಮನೆಯ ರೇಡಿಯೋದಷ್ಟು ಸಣ್ಣಗೆ ನನಗೂ ಕೇಳುತ್ತಿತ್ತು. ಎಷ್ಟೋ ವರ್ಷ ಅವನು ಏನು ಕೇಳುತ್ತಾನೆಂದು ತಿಳಿಯದೆ ಅವನ ಪಕ್ಕ ಕೂತಿದ್ದವಳಿಗೆ ಅದು ಹೊಸದು. ಅತ್ತಿಗೆ ಅಡುಗೆಮನೆಯಿಂದ “ರೀ” ಎಂದು ಕರೆದು ನೋಡಿದರು. ಅಣ್ಣ ಹೆಡ್‌ಫೋನ್ ತೆಗೆಯದೆಯೇ “ಆಂ” ಎಂದ. ಹಾಗೆನ್ನುವಾಗ ಅವನು ಕಿಟಕಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಅಡುಗೆಮನೆ ಇರುವುದು ಇನ್ನೊಂದು ಪಕ್ಕ. ಹಾಡಿನ ಗುಂಗಿನಲ್ಲಿದ್ದಾನೆ ಎಂದುಕೊಂಡೆ.

ಒಂದು ವಾರವಾದ ಮೇಲೆ ಅವನು ಹೇಳಿದ, “ಈ ಬೂದು ಬಣ್ಣದ್ರಲ್ಲಿ ಎಡಗಡೆ ಮಂಕು. ಮೃದಂಗ ಎದ್ದು ಹೋಗಿ ಬಾಗಿಲ ಹತ್ರ ಕೂತ ಹಾಗಿದೆ.” ಬೂದು ಬಣ್ಣದ್ದರಲ್ಲಿ ಗುಂ ಎನ್ನುವ ಮಂದ್ರದ ಸದ್ದು ಸ್ವಲ್ಪ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಇರಬೇಕು ಎಂದೆ. ಮರದ್ದನ್ನು ಹಾಕಿಕೊಂಡು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತ. ಆಮೇಲೆ ನನ್ನ ಕಡೆ ಚಾಚಿದ. “ಇದರದ್ದೂ ಎಡಗಡೆ ಹೋಗಿದೆ ಅನ್ಸತ್ತೆ. ನೀನೊಂದ್ಸಲ ಕೇಳು.”

ನಾನು ಹಾಕಿಕೊಂಡೆ. ಬೆಚ್ಚಗಿದ್ದ ಮೆತ್ತೆಗಳು ಕಿವಿಯನ್ನು ಮುಚ್ಚಿದವು. ಬಲಕ್ಕೆ ಪಿಟೀಲು, ನಡುವೆ ಆ ವಿದುಷಿಯ ದನಿ, ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮೃದಂಗ. ಅದರ ಗುಂಕಾರ ನನ್ನ ದವಡೆಯ ಮೂಳೆಗೆ ತಾಗುತ್ತಿತ್ತು. ಎಲ್ಲೂ ಮಂಕಿರಲಿಲ್ಲ. ಬೂದು ಬಣ್ಣದ್ದನ್ನೂ ಹಾಕಿ ನೋಡಿದೆ. ಅದರಲ್ಲಿ ಮೃದಂಗ ತೆಳುವಾಗಿತ್ತು, ನಿಜ. ಆದರೆ ಇರಬೇಕಾದ ಜಾಗದಲ್ಲೇ ಇತ್ತು.

ತಲೆಯೆತ್ತಿದರೆ ಅಣ್ಣ ನನ್ನನ್ನೇ ನೋಡುತ್ತಿದ್ದ. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಫಲಿತಾಂಶ ಕೇಳಲು ಬಂದು ನಿಂತವರ ಮುಖ ಹೇಗಿರುತ್ತದೆಂದು ಬಲ್ಲೆ.

“ಹೌದು, ಸ್ವಲ್ಪ ಮಂಕಾಗಿದೆ,” ಎಂದೆ.

“ಅಲ್ವ?” ಎಂದ. ನೋಟ್‌ಬುಕ್ಕಿನಲ್ಲಿ ಏನೋ ಬರೆದ. “ಡಾಕ್ಟರಿಗೆ ಕೊಟ್ಟು ರಿಪೇರಿ ಆಗತ್ತಾ ಕೇಳ್ಕೊಂಡು ಬಾ.”

ಮಾರನೇ ದಿನ ನಾನೊಬ್ಬಳೇ ಮರದ ಹೆಡ್‌ಫೋನನ್ನು ಹತ್ತಿಯ ಚೀಲದಲ್ಲಿಟ್ಟುಕೊಂಡು ಮಲ್ಲೇಶ್ವರಕ್ಕೆ ಹೋದೆ. ಬಾಯಿ ತಪ್ಪಿ ಬಂದ ಸುಳ್ಳನ್ನು ಇಷ್ಟು ದೂರ ಹೊತ್ತುಕೊಂಡು ಹೋಗುತ್ತಿದ್ದೇನಲ್ಲ ಎಂದು ಮೆಟ್ರೋದಲ್ಲಿ ಕೂತಾಗ ನನಗೇ ನಾಚಿಕೆಯಾಯಿತು. ಡಾಕ್ಟರು ಒಂದು ಪುಟ್ಟ ಯಂತ್ರಕ್ಕೆ ಸಿಕ್ಕಿಸಿ ಎರಡೂ ಕಡೆ ಒಂದೇ ಸದ್ದು ಬಿಟ್ಟು ನೋಡಿದರು. ತಾವೂ ಹಾಕಿಕೊಂಡು ಕೇಳಿದರು.

“ಎರಡೂ ಕಡೆ ಸಮ ಇದೆಯಲ್ಲ ಮೇಡಂ. ನೀವು ಕೇಳಿದ್ರಾ?”

“ಕೇಳಿದೆ.”

“ನಿಮಗೆ ಎಡಗಡೆ ಕಮ್ಮಿ ಅನ್ನಿಸ್ತಾ?”

“ಇಲ್ಲ,” ಎಂದೆ. “ಅಣ್ಣನಿಗೆ ಅನ್ನಿಸ್ತಿದೆ. ನಾನು ಹೌದು ಅಂತ ಸುಳ್ಳು ಹೇಳಿಬಿಟ್ಟೆ.”

ಅವರು ಹೆಡ್‌ಫೋನನ್ನು ನಿಧಾನವಾಗಿ ಚೀಲಕ್ಕೆ ಹಾಕಿದರು. ನಾನು ಕಿವಿಯ ಡಾಕ್ಟರಲ್ಲ, ಆದರೂ ಹೇಳ್ತೀನಿ ಎಂದು ಶುರುಮಾಡಿದರು. “ವಯಸ್ಸಾದ ಮೇಲೆ ಎರಡು ಕಿವೀನೂ ಒಟ್ಟಿಗೆ ಮಂದ ಆಗೋದು ಸಾಮಾನ್ಯ. ಒಂದೇ ಕಿವಿ ಮಂದ ಆದ್ರೆ ಯಾಕೆ ಅಂತ ನೋಡಿಸ್ಲೇಬೇಕು. ನೀವು ಇವತ್ತೇ ಹೇಳಿಬಿಡಿ.”

ಮನೆ ತಲುಪಿದಾಗ ಸಂಜೆ ನಾಲ್ಕು ಗಂಟೆ. ಅತ್ತಿಗೆ ಎದುರು ಮನೆಗೆ ಹೋಗಿದ್ದರು. ಹೇಗೆ ಶುರುಮಾಡಲಿ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಕೋಣೆಯ ಬಾಗಿಲಲ್ಲೇ ನಿಂತುಹೋದವು. ಅಣ್ಣ ಬೂದು ಬಣ್ಣದ ಹೆಡ್‌ಫೋನನ್ನು ಹಿಂದುಮುಂದಾಗಿ ಹಾಕಿಕೊಂಡು ಕೂತಿದ್ದ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ವೈರು ತಪ್ಪು ಭುಜದ ಮೇಲಿಂದ ಇಳಿದಿತ್ತು.

“ಹೀಗೆ ಹಾಕ್ಕೊಂಡ್ರೆ ಮೃದಂಗ ಚೆನ್ನಾಗಿ ಕೇಳತ್ತೆ,” ಎಂದ. “ಪಿಟೀಲು ಬಾಗಿಲ ಹತ್ರ ಹೋಯ್ತು.”

ನಾನು ಚೀಲವನ್ನು ಮೇಜಿನ ಮೇಲಿಟ್ಟೆ.

“ಎರಡನೇ ದಿನಾನೇ ತಿರುಗಿಸಿ ನೋಡಿದ್ದೆ ಕಣೇ. ಸುಮ್ನೆ, ನೀನು ಏನಂತೀಯ ನೋಡೋಣ ಅಂತ ಕೊಟ್ಟೆ. ನೀನು ಹೌದು ಅಂದಾಗ ಒಂದು ಗಳಿಗೆ ಖುಷಿಯಾಯ್ತು. ಆಮೇಲೆ ನಿನ್ನ ಮುಖ ನೋಡಿದೆ.”

“ಹಾಗಾದ್ರೆ ನನ್ನನ್ನ ಯಾಕೆ ಮಲ್ಲೇಶ್ವರಕ್ಕೆ ಕಳಿಸ್ದೆ?”

“ಬೇರೆ ಯಾರಾದ್ರೂ ನಿನ್ನ ಹತ್ರ ಹೇಳ್ಲಿ ಅಂತ. ನಂಗೆ ಹೇಳೋಕೆ ಆಗ್ತಿರ್ಲಿಲ್ಲ.”

ಆಮೇಲೆ ಉಳಿದದ್ದನ್ನೆಲ್ಲ ಹೇಳಿದ. ಎಡಗಿವಿಗೆ ಫೋನ್ ಹಿಡಿಯುವುದನ್ನು ಬಿಟ್ಟು ಒಂದು ವರ್ಷದ ಮೇಲಾಗಿತ್ತಂತೆ. ಆ ಕಿವಿಯಲ್ಲಿ ಸದಾ ತಂಬೂರಿ ಮೀಟಿದ ಹಾಗೆ ಒಂದು ಸದ್ದು. “ಶ್ರುತಿ ಮಾತ್ರ ಸರಿಯಿಲ್ಲ,” ಎಂದ. ಇನ್ನೂ ಏನೋ ಉಳಿದಿದೆ ಎನ್ನುವುದು ನನಗೆ ಗೊತ್ತಾಯಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಜಾಲರಿಯನ್ನು ಬೆರಳಿನಿಂದ ಸವರುತ್ತಾ ಹೇಳಿದ, “ಅವಳು ಬಿದ್ದ ದಿನ ನಾನು ಹೆಡ್‌ಫೋನ್ ಹಾಕ್ಕೊಂಡಿರ್ಲಿಲ್ಲ.”

ನಾನು ನೋಡಿದ್ದು ನೆನಪಾಯಿತು. ಹೆಡ್‌ಫೋನ್ ಅವನ ಕುತ್ತಿಗೆಯಲ್ಲಿತ್ತು. ಆಗಷ್ಟೇ ಕಿವಿಯಿಂದ ಇಳಿಸಿದ್ದಾನೆಂದು ನಾನೇ ಅಂದುಕೊಂಡಿದ್ದೆ. ಹಾಗೆಂದು ಅತ್ತಿಗೆಗೂ ಹೇಳಿದ್ದೆ.

“ಕೆಲಸ ಸಾಕಾಗಿ ಹಾಗೇ ಬಲಮಗ್ಗುಲಿಗೆ ಒರಗಿದ್ದೆ. ಬಲಗಿವಿ ದಿಂಬಿನಲ್ಲಿತ್ತು. ನಿದ್ದೇನೂ ಮಾಡ್ತಿರ್ಲಿಲ್ಲ. ಟೇಬಲ್ ಫ್ಯಾನ್ ತಿರುಗೋದು ನೋಡ್ತಾ ಮಲಗಿದ್ದೆ. ಅವಳು ಅಷ್ಟು ಹೊತ್ತು ಕೂಗಿದ್ದಾಳೆ, ಒಂದು ಚೂರೂ ಕೇಳ್ಲಿಲ್ಲ. ಎಲ್ಲರೂ ಹೆಡ್‌ಫೋನಿಂದು ತಪ್ಪು ಅಂದ್ರಿ. ನಾನೂ ಹೂಂ ಅಂದ್ಬಿಟ್ಟೆ.”

ಆ ಮಾತು ಕೇಳಿ ನನಗೆ ಕೋಪ ಬರಲಿಲ್ಲ, ಕನಿಕರವೂ ಬರಲಿಲ್ಲ. ಅವನ ಪಕ್ಕದಲ್ಲಿ ಕೂತೆ. ಯಾವ ಪಕ್ಕದಲ್ಲಿ ಕೂತಿದ್ದೇನೆ ಎಂದು ಆಮೇಲೆ ಹೊಳೆದು, ಎದ್ದು ಬಲಗಡೆಗೆ ಬಂದು ಕೂತೆ. “ಅತ್ತಿಗೆಗೆ ನೀನೇ ಹೇಳಬೇಕು,” ಎಂದೆ.

ಅವರು ಎದುರು ಮನೆಯಿಂದ ಬಂದ ಮೇಲೆ ಅವನೇ ಹೇಳಿದ. ನಾನು ಮಹಡಿಗೆ ಹೊರಟಿದ್ದೆ. “ನೀನೂ ಇರು,” ಎಂದು ನಿಲ್ಲಿಸಿದ. ಅತ್ತಿಗೆ ನಿಂತೇ ಕೇಳಿಸಿಕೊಂಡರು. ಆ ಹೊತ್ತಿಗೆ ಕೈಯ ಕಟ್ಟು ಬಿಚ್ಚಿ ಕೆಲವೇ ದಿನಗಳಾಗಿದ್ದವು, ಮಣಿಕಟ್ಟು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

“ಕೇಳಿಸ್ದೇ ಇದ್ದಿದ್ದು ನಿಮ್ಮ ತಪ್ಪಲ್ಲ,” ಎಂದರು ಕೊನೆಗೆ. “ಆದ್ರೆ ಎರಡು ತಿಂಗಳಿಂದ ನಾನು ಆ ಸಾಮಾನನ್ನ ಬೈತಾ ಇದೀನಿ. ನೀವು ಪಕ್ಕದಲ್ಲೇ ಕೂತು ಬೈಸಿಕೊಂಡ್ರಲ್ಲ, ಒಂದು ದಿನಾನಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವ ನಿಮಗೆ?”

ಅತ್ತಿಗೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸುವರು, ಸ್ನಾನಕ್ಕೆ ನೀರು ಕಾದಿದೆ ಎಂದು ನನ್ನ ಕೈಲಿ ಹೇಳಿಸುವರು. ಮೂರನೇ ದಿನ ಬೆಳಿಗ್ಗೆ ಸೀರೆ ಬದಲಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ನಿಂತರು. “ಏಳಿ. ಕಿವಿ ತೋರಿಸ್ಕೊಂಡು ಬರೋಣ.”

ಪರೀಕ್ಷೆ ಮಾಡುವ ಜಾಗದಲ್ಲಿ ಸದ್ದು ಒಳಗೆ ಹೋಗದ ಒಂದು ಪೆಟ್ಟಿಗೆಯಂಥ ಕೋಣೆ. ಒಳಗೆ ಅಣ್ಣ, ಅವನ ತಲೆಯ ಮೇಲೆ ಮತ್ತೊಂದು ಹೆಡ್‌ಫೋನ್. ಸದ್ದು ಕೇಳಿದಾಗ ಬೆರಳೆತ್ತಬೇಕೆಂದು ಹೇಳಿದ್ದರು. ನಾನು ಮತ್ತು ಅತ್ತಿಗೆ ಗಾಜಿನ ಈಚೆ ಬೆಂಚಿನ ಮೇಲೆ ಕೂತಿದ್ದೆವು. ಮೊದಲು ಬಲಗಿವಿ. ಅವನ ಬೆರಳು ಮತ್ತೆ ಮತ್ತೆ ಏಳುತ್ತಿತ್ತು, ಚುರುಕಾಗಿ, ಬಾಯಲ್ಲಿ ಸಣ್ಣ ನಗು ಕೂಡ ಇತ್ತು. ಆಮೇಲೆ ಪರೀಕ್ಷೆ ಮಾಡುತ್ತಿದ್ದ ಹುಡುಗಿ ಯಂತ್ರದಲ್ಲಿ ಏನೋ ಬದಲಿಸಿದಳು. ಅವಳ ಕೈ ಗುಂಡಿ ಒತ್ತುತ್ತಿತ್ತು, ತಿರುಗಿಸುತ್ತಿತ್ತು, ಮತ್ತೆ ಒತ್ತುತ್ತಿತ್ತು. ಒಳಗೆ ಅಣ್ಣ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಲಿಕ್ಕೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ವಿನಯದಿಂದ ಕಾಯುತ್ತಿದ್ದ. ಅತ್ತಿಗೆ ಮುಖ ತಿರುಗಿಸಿದರು.

ಆಮೇಲೆ ತಲೆಯ ಸ್ಕ್ಯಾನ್. ಆಮೇಲೆ ಇನ್ನೊಬ್ಬ ಡಾಕ್ಟರು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಒಂದು ಗಂಟು ಬೆಳೆದಿದೆ ಎಂದು ಚಿತ್ರದಲ್ಲಿ ತೋರಿಸಿದರು. ಕಡಲೆಬೀಜದಷ್ಟು, ಬೆಳ್ಳಗೆ ಕಾಣುತ್ತಿತ್ತು. “ಕ್ಯಾನ್ಸರ್ ಅಲ್ಲ. ಆದ್ರೆ ಬೆಳೀತಾ ಹೋದ್ರೆ ಮಿದುಳನ್ನ ಒತ್ತತ್ತೆ. ತೆಗೀಲೇಬೇಕು. ತೆಗೆದಾಗ ಎಡಗಿವಿ ಪೂರ್ತಿ ಹೋಗತ್ತೆ. ಅದನ್ನ ಉಳಿಸ್ತೀವಿ ಅಂತ ನಾನು ಸುಳ್ಳು ಹೇಳಲ್ಲ,” ಎಂದರು.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ದಿನ ತಡ ಮಾಡಬಹುದು ಸಾರ್?”

“ಒಂದು ತಿಂಗಳು ತಡ ಆದ್ರೆ ಏನೂ ಆಗಲ್ಲ. ಅದಕ್ಕಿಂತ ಜಾಸ್ತಿ ಬೇಡ.”

ಆ ತಿಂಗಳು ಅವನು ಬೇರೆಯವರ ಕ್ಯಾಸೆಟ್ಟುಗಳನ್ನು ಮುಟ್ಟಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಮರದ ಹೆಡ್‌ಫೋನ್ ಹಾಕಿಕೊಂಡು ತಾನೇ ಮುದ್ರಿಸಿದ ಕಚೇರಿಗಳನ್ನು ಒಂದೊಂದಾಗಿ ಕೇಳಿದ. ಎಡಗಿವಿಯಲ್ಲಿ ಉಳಿದಿದ್ದ ಚೂರುಪಾರು ಕೇಳುವ ಶಕ್ತಿಗೆ ಸಿಗಲೆಂದು ಎಡಗಡೆಯ ಸದ್ದನ್ನು ಯಂತ್ರದಲ್ಲಿ ಹೆಚ್ಚಿಸಿಕೊಂಡ. ಬೂದು ಬಣ್ಣದ್ದನ್ನು ಹಾಕ್ಕೋ, ಕುತ್ತಿಗೆ ನೋಯತ್ತೆ ಎಂದರೆ ಕೇಳಲಿಲ್ಲ. “ಕುತ್ತಿಗೆ ಆಮೇಲೂ ಇರತ್ತೆ,” ಎಂದ. ನಡುನಡುವೆ ತೆಗೆದಿಟ್ಟು ಕುತ್ತಿಗೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಮತ್ತೆ ಹಾಕಿಕೊಳ್ಳುವನು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅತ್ತಿಗೆ ಹುರುಳಿಕಾಯಿಯ ಬುಟ್ಟಿ ಹಿಡಿದು ಬಂದು ಕೋಣೆಯಲ್ಲಿ ಕೂತರು. ಜಾಲರಿಯಿಂದ ಸೋರುವ ಹಾಡನ್ನು ಕೇಳುತ್ತಾ ನಾರು ಬಿಡಿಸಿದರು. ಮಾರನೇ ದಿನವೂ ಬಂದರು. ಅವನ ಕಚೇರಿಗಳಿಗೆ ಅವರು ಹೋದದ್ದೇ ಕಡಿಮೆ. ಹೋದರೂ ಅವನು ಹಿಂದೆ, ಇವರು ಹೆಂಗಸರ ಸಾಲಿನಲ್ಲಿ. ಮೂರನೇ ದಿನ ಕಾಯಿ ಬಿಡಿಸಿ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, “ನಂಗೊಂಚೂರು ಹಾಕಿ ನೋಡೋಣ,” ಎಂದರು.

ಅಣ್ಣ ಎದ್ದು ನಿಂತು ತೊಡಿಸಿದ. ತುರುಬು ಅಡ್ಡ ಬಂತು. ತುರುಬು ಬಿಚ್ಚಿ ಜಡೆ ಮುಂದೆ ಹಾಕಿಕೊಂಡರು. ಅವನು ಪಟ್ಟಿಯನ್ನು ಎರಡು ಬೆರಳಷ್ಟು ಕೆಳಗಿಳಿಸಿ, ಕಿವಿಯೋಲೆ ಒತ್ತದ ಹಾಗೆ ಮೆತ್ತೆ ಸರಿಪಡಿಸಿ, ಹಾಡನ್ನು ಮೊದಲಿನಿಂದ ಹಾಕಿದ. ಅತ್ತಿಗೆ ಅಲುಗಾಡದೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಂತೆ ಜೋರು ದನಿಯಲ್ಲಿ, “ಇಷ್ಟು ಹತ್ರ ಕೂತಿರ್ತಿದ್ರಾ ಅವರೆಲ್ಲ ನಿಮಗೆ?” ಎಂದರು.

“ಹೂಂ,” ಎಂದ ಅಣ್ಣ.

“ಮೊದಲೇ ಯಾಕೆ ಕೇಳಿಸ್ಲಿಲ್ಲ?”

“ನೀನು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಆ ಕಚೇರಿ ಪೂರ್ತಿ ಮುಗಿಯುವ ತನಕ ಅತ್ತಿಗೆ ಅದನ್ನು ತೆಗೆಯಲಿಲ್ಲ. ಅವತ್ತು ಹುರುಳಿಕಾಯಿ ಹಾಗೇ ಉಳಿಯಿತು. ಮೂವರೂ ಮೊಸರನ್ನ ಉಂಡೆವು.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಬಂದು ಮೈಮೇಲಿದ್ದುದನ್ನೆಲ್ಲ ತೆಗೆಯಬೇಕೆಂದಳು. ಅಣ್ಣ ಕೊರಳಿನ ಲಿಂಗವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಅತ್ತಿಗೆಯ ಕೈಗೆ ಕೊಟ್ಟ. ಬುದ್ಧಿ ಬಂದಾಗಿನಿಂದ ಅದನ್ನು ಮೈಯಿಂದ ಬಿಟ್ಟವನಲ್ಲ. ಸಂಜೆ ಅವನನ್ನು ಹೊರತರುವವರೆಗೆ ಅತ್ತಿಗೆ ಆ ಮುಷ್ಟಿಯನ್ನು ತೆರೆಯಲಿಲ್ಲ. ನೀರು ಕುಡಿಯುವಾಗಲೂ ಎಡಗೈಯಲ್ಲಿ ಲೋಟ ಹಿಡಿದರು.

ಗಂಟು ಪೂರ್ತಿ ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದರು. ಹೇಳಿದ್ದ ಹಾಗೆಯೇ ಎಡಗಿವಿ ಹೋಯಿತು. ಕೆಲವು ವಾರ ಅವನಿಗೆ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವನು, ಹಿಂದೆಯೇ ಅತ್ತಿಗೆ. ಬಾಯಿಯ ಎಡತುದಿ ಸ್ವಲ್ಪ ಜೋತು ಬಿದ್ದಿದ್ದು ಕ್ರಮೇಣ ಸರಿಯಾಯಿತು. ಸರಿಯಾಗದೆ ಉಳಿದದ್ದು ದಿಕ್ಕು. ಎರಡು ಕಿವಿಯಿದ್ದರೆ ಮಾತ್ರ ಸದ್ದು ಯಾವ ಕಡೆಯದೆಂದು ತಿಳಿಯುತ್ತದಂತೆ. ರಸ್ತೆಯಲ್ಲಿ ಆಟೋದ ಹಾರ್ನ್ ಕೇಳಿದರೆ ನಿಂತಲ್ಲೇ ನಿಂತು ಸುತ್ತ ನೋಡುವನು. ಅದಕ್ಕೇ ಹೊರಗೆ ಹೋಗುವಾಗ ನಾನು ಅವನ ಎಡಕ್ಕೆ ನಡೆಯುವುದು ರೂಢಿಯಾಯಿತು.

ಗಾಯ ಒಣಗಿದ ಮೇಲೆ ಒಂದು ಬೆಳಿಗ್ಗೆ ಮರದ ಹೆಡ್‌ಫೋನನ್ನು ತೆಗೆದುಕೊಂಡ. ತಲೆಗೇರಿಸಿದ ಕೂಡಲೇ ಮುಖ ಕಿವುಚಿ ಇಳಿಸಿದ. ಕಿವಿಯ ಹಿಂದಿನ ಹೊಲಿಗೆಯ ಗೆರೆಯ ಮೇಲೆ ಅದರ ಭಾರವೆಲ್ಲ ಕೂರುತ್ತಿತ್ತು. ಬೂದು ಬಣ್ಣದ್ದನ್ನು ನಾನು ಕೊಟ್ಟೆ. ಅದರ ಮಖಮಲ್ಲಿನ ಮೆತ್ತೆ ಆ ಗೆರೆಯನ್ನು ಸೋಕಿಯೂ ಸೋಕದಂತೆ ನಿಂತಿತು. ಎರಡೂ ಕಡೆಯ ಸದ್ದನ್ನು ಒಂದೇ ಕಡೆ ಸೇರಿಸುವುದು ಹೇಗೆಂದು ಅವನೇ ನನಗೆ ಹೇಳಿಕೊಟ್ಟ. ಪಿಟೀಲು, ದನಿ, ಮೃದಂಗ ಎಲ್ಲವೂ ಬಲಗಿವಿಗೇ ಬರುವ ಹಾಗೆ ಮಾಡಿ ಆ ಬಸವನಗುಡಿಯ ಕಚೇರಿಯನ್ನೇ ಹಾಕಿದೆ. ಬಹಳ ಹೊತ್ತು ಕೇಳಿದ. ಅವನ ಬಲಗೈ ತಾನಾಗಿ ತಾಳ ಹಿಡಿಯಿತು.

“ಹೇಗಿದೆ?” ಎಂದೆ.

“ಎಲ್ಲರೂ ಒಂದೇ ಚಾಪೆ ಮೇಲೆ ಒತ್ತೊತ್ತಾಗಿ ಕೂತಿದ್ದಾರೆ,” ಎಂದ. “ಯಾರು ಎಲ್ಲಿದ್ದಾರೆ ಗೊತ್ತಾಗಲ್ಲ. ಆದ್ರೆ ಎಲ್ಲರೂ ಬಂದಿದ್ದಾರೆ.” ನನ್ನ ಮುಖ ನೋಡಿ, “ಅಳಬೇಡ ಕಣೇ, ಇದನ್ನ ನಿಲ್ಲಿಸಿ ನಿನ್ನನ್ನ ಸಮಾಧಾನ ಮಾಡ್ಬೇಕಾಗತ್ತೆ,” ಎಂದ. ನಾನು ಎದ್ದು ಹೊರಗೆ ಹೋದೆ.

ಮರದ್ದನ್ನು ಹಿಂದಿರುಗಿಸಲು ನಾವು ಮೂವರೂ ಮಲ್ಲೇಶ್ವರಕ್ಕೆ ಹೋದೆವು. ಇಟ್ಟುಕೊಳ್ಳಿ ಸಾರ್ ಎಂದು ಡಾಕ್ಟರು ಬಲವಂತ ಮಾಡಿದರು. ಅಣ್ಣ ಒಪ್ಪಲಿಲ್ಲ. “ಸದ್ದಿನಲ್ಲಿ ಇದೇ ಮೇಲು. ಎರಡು ಕಿವಿ ಇರೋರಿಗೆ ಕೊಡಿ. ಬೂದು ಬಣ್ಣದ್ದನ್ನ ಇಟ್ಕೋತೀನಿ, ಅದು ನನ್ನ ತಲೆಗೆ ಒಗ್ಗಿದೆ,” ಎಂದ. ಡಾಕ್ಟರು ಮರದ ಹೆಡ್‌ಫೋನನ್ನು ಮೆದು ಬಟ್ಟೆಯಿಂದ ಒರೆಸಿ ಕಪಾಟಿನಲ್ಲಿಟ್ಟು, ನಮಗೆಲ್ಲ ಕಾಫಿ ತರಿಸಿದರು.

ಈಗ ಕ್ಯಾಸೆಟ್ ತರುವವರಿಗೆ ಅವನು ಮೊದಲೇ ಹೇಳಿಬಿಡುತ್ತಾನೆ. “ನಂಗೆ ಒಂದೇ ಕಿವಿ. ಎಡಗಡೆ ನನ್ನ ತಂಗಿ ಕೇಳ್ತಾಳೆ. ಒಪ್ಪಿಗೆ ಇದ್ರೆ ಬಿಟ್ಟು ಹೋಗಿ.” ಒಬ್ಬರಿಬ್ಬರು ಚೀಲವನ್ನು ಹಾಗೇ ಎತ್ತಿಕೊಂಡು ಹೋದರು. ಹೆಚ್ಚಿನವರು ಬಿಟ್ಟು ಹೋದರು. ನಾನು ಕೇಳುವುದನ್ನು ಕಲಿಯುತ್ತಿದ್ದೇನೆ. ಅರವತ್ತು ದಾಟಿದ ಮೇಲೆ ಇದು ಸುಲಭವಲ್ಲ. ಮೊದಮೊದಲು ಅವನು ಕೇಳಿದ್ದಕ್ಕೆಲ್ಲ “ಚೆನ್ನಾಗಿದೆ” ಎಂದು ಉತ್ತರಿಸಿ ಬೈಸಿಕೊಂಡೆ. “ಚೆನ್ನಾಗಿದೆ ಅಂದ್ರೆ ಏನು? ಏನಿದೆ ಹೇಳು, ಏನಿಲ್ಲ ಹೇಳು,” ಎನ್ನುತ್ತಿದ್ದ.

ಮೊನ್ನೆ ಮಾವಳ್ಳಿಯ ಒಬ್ಬರು ತಂದುಕೊಟ್ಟ ಕ್ಯಾಸೆಟ್ ಕೇಳುತ್ತಿದ್ದೆವು. ಮನೆಯೊಂದರ ನಡುಮನೆಯಲ್ಲಿ ನಡೆದ ವೀಣೆ. ಅವನು ಒಮ್ಮೆ ಕೇಳಿ ಬೂದು ಬಣ್ಣದ್ದನ್ನು ನನಗೆ ಕೊಟ್ಟ. ಎಡಗಡೆ, ಆಲಾಪನೆ ಸಣ್ಣದಾಗುವ ಜಾಗದಲ್ಲಿ, ಏನೋ ಸರಸರ ಸದ್ದು ಸಿಕ್ಕಿ ಬೆರಳೆತ್ತಿದೆ.

“ಏನದು?” ಎಂದ.

ಮತ್ತೆರಡು ಸಲ ಕೇಳಿದೆ. “ಯಾರೋ ಬೀಸಣಿಗೆ ಬೀಸ್ತಿದ್ದಾರೆ ಅಣ್ಣ. ಮಡಚೋ ಬೀಸಣಿಗೆ ಅಲ್ಲ, ತಾಳೆಗರಿದು. ವೀಣೆ ನುಡ್ಸೋರಿಗೆ ಬೀಸ್ತಿರಬೇಕು. ತೆಗೀಲಾ?”

ಅವನು ಯೋಚಿಸಿದ. ಕಿಟಕಿಯಾಚೆ ತರಕಾರಿ ಗಾಡಿಯ ಮೈಕು ಬೆಲೆ ಹೇಳುತ್ತಾ ಹಾದುಹೋಯಿತು.

“ಬೇಡ, ಇರ್ಲಿ,” ಎಂದ. “ಸೆಕೆಗಾಲ ಅಂತ ಗೊತ್ತಾಗತ್ತೆ. ಮುಂದಕ್ಕೆ ಹೋಗು.”